ದಡದಲ್ಲೇ ನಿಂತುಹೋದ ಪರಿಸರ ಪ್ರೇಮ

ಉತ್ತರ ಕನ್ನಡದವರಿಗೆ ಪರಿಸರ ಎಂದರೆ ಕಾಡು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಅಂದಿನಿಂದ ಅಪ್ಪಿಕೋ ಎಂಬ ಮಾತೇ ನಮ್ಮ ಜಿಲ್ಲೆಯ ವಿಳಾಸವಾಗಿದೆ. ಹೆಮ್ಮೆ ಪಡಬೇಕಾದ್ದೇ. ಆದರೆ ಇದೇ ಜಿಲ್ಲೆಗೆ ಕಾರವಾರದಿಂದ ಭಟ್ಕಳದವರೆಗೆ ಕಡಲಿದೆ. ಆ ಕಡಲಿನಲ್ಲಿ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆ, ನೇತ್ರಾಣಿ ಎಂಬ ದ್ವೀಪವಿದೆ. ದ್ವೀಪದ ಬುಡದಲ್ಲಿ ಹವಳ ಬದುಕಿದೆ. ಅದರ ಪರವಾಗಿ ಘಟ್ಟದ ಮೇಲಿನವರು ಆಡಿದ ಮಾತು ಎಷ್ಟು?

ನಾನು ಇಡಗುಂದಿಯ ಕಡೆಯವನು. ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಕುಮಟಾ, ಹೊನ್ನಾವರ ದಾಟಿದರೆ ಮುರ್ಡೇಶ್ವರ. ದಾರಿ ದೂರವಲ್ಲ. ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೇ ಕೆಳಗೆ ಗಂಗಾವಳಿಯಾಗಿ ಕಡಲು ಸೇರುತ್ತದೆ. ನದಿ ಘಟ್ಟವನ್ನೂ ಕಡಲನ್ನೂ ಬೇರೆ ಮಾಡಿಲ್ಲ. ಬೇರೆ ಮಾಡಿದ್ದು ನಮ್ಮ ಪರಿಸರದ ಮಾತು.

ಆ ಖಾಲಿ ಜಾಗವನ್ನು ಈಗ ಸ್ಕೂಬಾ ಡೈವಿಂಗಿನ ಜಾಹೀರಾತು ತುಂಬಿದೆ. ನೇತ್ರಾಣಿಯ ಸುತ್ತ ಮುಳುಗುವ ತಾಣಗಳಿಗೆ ಇಟ್ಟ ಹೆಸರು ನೋಡಿ: ನೀಮೋ ರೀಫ್, ಗ್ರ್ಯಾಂಡ್ ಸೆಂಟ್ರಲ್. ಒಂದು 2003ರ ಕಾರ್ಟೂನ್ ಸಿನಿಮಾದ ಮೀನಿನದು. ಇನ್ನೊಂದನ್ನು ಕೇಳಿದರೆ ನೆನಪಾಗುವುದು ನ್ಯೂಯಾರ್ಕಿನ ರೈಲು ನಿಲ್ದಾಣ. ಭಟ್ಕಳ ತಾಲೂಕಿನ ಕಡಲ ತಳಕ್ಕೆ! ಇಂಗ್ಲಿಷ್ ಹೆಸರೆಂದು ನನ್ನ ತಕರಾರಲ್ಲ. ಹೆಸರಿಟ್ಟವರು ಯಾರನ್ನು ಕೇಳಿ ಇಟ್ಟರು ಎಂಬುದು ನನ್ನ ಪ್ರಶ್ನೆ. ಮೊಗೇರರು, ಖಾರ್ವಿಗಳು ತಲೆಮಾರುಗಳಿಂದ ಈ ನೀರಿನಲ್ಲಿ ಬಲೆ ಬಿಟ್ಟವರು. ದ್ವೀಪಕ್ಕೆ ಹೋಗಿ ಹರಕೆಯ ಆಡು ಬಿಟ್ಟು ಬಂದವರು. ಎಲ್ಲಿ ಬಂಡೆಯಿದೆ, ಎಲ್ಲಿ ಸೆಳೆತವಿದೆ ಎಂಬುದು ಅವರ ಮೈಗೆ ಗೊತ್ತು. ಪ್ಯಾಕೇಜಿನ ನಕ್ಷೆಯಲ್ಲಿ ಆ ತಿಳಿವಳಿಕೆಗೆ ಜಾಗವಿಲ್ಲ. ಹೆಸರು ಯಾರದೋ, ಒಡೆತನವೂ ನಿಧಾನಕ್ಕೆ ಅವರದೇ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಅವು ಜ್ವಾಲಾಮುಖಿಯ ಕೂಸುಗಳು. ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ಆರಿ ಕಂಬಕಂಬವಾಗಿ ನಿಂತಿದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ಒಳ್ಳೆಯದೇ. ಆದರೆ ಆರಿದ ಕಲ್ಲು ಸ್ಮಾರಕವೆಂದು ಒಪ್ಪುವ ನಮಗೆ, ಉಸಿರಾಡುವ ಹವಳ ಮನರಂಜನೆಯ ಸಾಮಾನಾಗಿ ಕಾಣುವುದು ಹೇಗೆ?

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಅದರ ಮೈಯೊಳಗಿನ ಪಾಚಿ ಬಿಸಿಲಿನಿಂದ ಆಹಾರ ಮಾಡಿಕೊಡುತ್ತದೆ. ನೀರು ಬೇಸಿಗೆಯ ಗರಿಷ್ಠ ಶಾಖಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ವಾರಗಟ್ಟಲೆ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಚಿಕೊಳ್ಳುತ್ತದೆ. 2024ರಲ್ಲಿ ಲೋಕದ ಕಡಲುಗಳಲ್ಲೆಲ್ಲ ಇದು ನಡೆಯಿತು; ನಮ್ಮ ನೆರೆಯ ಲಕ್ಷದ್ವೀಪವೂ ತಪ್ಪಿಸಿಕೊಳ್ಳಲಿಲ್ಲ. ಗುಂಡಾಗಿ ಬೆಳೆಯುವ ಹವಳದ ಬಂಡೆ ವರ್ಷಕ್ಕೆ ಹಿಗ್ಗುವುದು ಒಂದು ಸೆಂಟಿಮೀಟರಿನ ಆಸುಪಾಸು. ದೋಣಿಯ ಲಂಗರು ಒಮ್ಮೆ ಬಿದ್ದರೆ, ಹೊಸಬನ ಕಾಲಿನ ಫಿನ್ ಒಮ್ಮೆ ಬಡಿದರೆ, ಹೋಗುವುದು ಹತ್ತಾರು ವರ್ಷಗಳ ಬೆಳವಣಿಗೆ. 'ಈಜು ಬಾರದಿದ್ದರೂ ಬನ್ನಿ' ಎಂಬ ಕರೆ ಆಕರ್ಷಕವಾಗಿರಬಹುದು. ನೀರಿನಲ್ಲಿ ಮೈ ಹಿಡಿತಕ್ಕೆ ಬಾರದವನು ಏನನ್ನು ಹಿಡಿದು ನಿಲ್ಲುತ್ತಾನೆ ಎಂಬುದನ್ನು ಆ ಕರೆ ಹೇಳುವುದಿಲ್ಲ.

ಕಾನೂನು ಇಲ್ಲವೇ? ಇದೆ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಇರುವ ಸ್ಥಾನ. ಹುಲಿ ಸತ್ತರೆ ಪತ್ರಿಕೆಯ ಮುಖಪುಟ. ಹವಳ ಮುರಿದರೆ ಯಾರ ಮುಖವೂ ಬಾಡುವುದಿಲ್ಲ. ಇದೇ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದೂ ಗುಟ್ಟೇನಲ್ಲ. ಒಂದೇ ಜಾಗ ಪ್ರವಾಸಿಗೆ ಅಕ್ವೇರಿಯಂ, ಸೈನ್ಯಕ್ಕೆ ಗುರಿ. ಘಟ್ಟದ ಯಾವುದಾದರೂ ಬೆಟ್ಟಕ್ಕೆ ಹೀಗಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

'ಡೈವಿಂಗ್ ಇಲ್ಲದಿದ್ದರೆ ಹವಳವಿದೆ ಎಂದೇ ಜನಕ್ಕೆ ಗೊತ್ತಾಗುತ್ತಿರಲಿಲ್ಲ' ಎನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. 2022ರ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿದ ಮೇಲೆಯೇ ಎಷ್ಟೋ ಕನ್ನಡಿಗರಿಗೆ ಈ ಕಡಲಿಗೊಂದು ತಳವಿದೆ ಎಂಬ ಅರಿವಾಯಿತು. ಅವರ ತಂದೆಯ 1973ರ 'ಗಂಧದ ಗುಡಿ' ಕಾಡಿನ ಕಥೆಯಾಗಿತ್ತು. ಮಗನದು ಕಡಲಿನೊಳಕ್ಕೂ ಇಳಿಯಿತು. ಸಿನಿಮಾ ಇಳಿದಷ್ಟು ಆಳಕ್ಕೆ ನಮ್ಮ ಸಾಹಿತ್ಯ, ನಮ್ಮ ಚಳವಳಿ ಇಳಿದಿಲ್ಲ. ತೇಜಸ್ವಿ ಅಂಡಮಾನಿಗೆ ಹೋಗಿ ಬಂದು ಪುಸ್ತಕ ಬರೆದರು. ಹೊರಡುವ ಉಮೇದಿದ್ದ ಒಬ್ಬ ಮಲೆನಾಡಿಗನಿಗೆ ಅಂಡಮಾನ್ ದೂರವಾಗಲಿಲ್ಲ. ನಮಗೆ ನೇತ್ರಾಣಿ ದೂರವಾಯಿತೇ?

ಡೈವಿಂಗ್ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಲಂಗರು ಬೀಳದಂತೆ ದೋಣಿ ಕಟ್ಟುವ ತೇಲುಬುರುಡೆಗಳಿರಲಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರಲಿ, ಆ ಲೆಕ್ಕ ಎಲ್ಲರಿಗೂ ಸಿಗಲಿ. ಹವಳದ ಹತ್ತಿರ ಹೋಗುವ ಮೊದಲು ನೀರಿನಲ್ಲಿ ಮೈ ನಿಲ್ಲಿಸಲು ಕಲಿತಿರಲಿ. ಈ ನಿಯಮಗಳನ್ನು ಮಾಡುವ ಮೇಜಿನಲ್ಲಿ ಮೀನುಗಾರರಿಗೆ ಕುರ್ಚಿ ಇರಲಿ. ತಾಣಗಳ ಹೆಸರನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳಲಿ.

ಇದನ್ನೆಲ್ಲ ಕೇಳುವುದು ಹೇಗೆಂದು ಈ ಜಿಲ್ಲೆಗೆ ಯಾರೂ ಕಲಿಸಬೇಕಿಲ್ಲ. 1981ರ ಜನವರಿಯಲ್ಲಿ ಬೇಡ್ತಿ ಅಣೆಕಟ್ಟಿನ ಬಗ್ಗೆ ಶಿರಸಿಯಲ್ಲೇ ವಿಚಾರ ಸಂಕಿರಣ ನಡೆಯಿತು. ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನು ಕರೆಸಿ, ಮುಳುಗುವುದೆಷ್ಟು, ಸಿಗುವುದೆಷ್ಟು ಎಂದು ಸರ್ಕಾರಕ್ಕೆ ಲೆಕ್ಕ ಕೇಳಿದರು. ಯೋಜನೆ ನಿಂತಿತು. ಅಂಥದೇ ಇನ್ನೊಂದು ಸಭೆ ಈಗ ಮುರ್ಡೇಶ್ವರದಲ್ಲಿ ನಡೆಯಬೇಕು. ಘಟ್ಟದ ಮೇಲಿನವರು ಕೆಳಗಿಳಿದು ಹೋಗಬೇಕು, ಭಾಷಣಕ್ಕಲ್ಲ, ಮೊದಲು ಕೇಳಿಸಿಕೊಳ್ಳುವುದಕ್ಕೆ. ಮರವನ್ನು ಅಪ್ಪಿಕೊಂಡವರು ನಾವು. ಹವಳವನ್ನು ಹಾಗೆ ಅಪ್ಪಲಾಗದು, ಮುಟ್ಟಿದರೇ ಕೆಡುತ್ತದೆ. ಅದರ ಪರವಾಗಿ ಬಾಯಿ ತೆರೆಯುವುದಕ್ಕಂತೂ ಅಡ್ಡಿಯಿಲ್ಲ.