ಕಾವಲಿನ ಭಾರಕ್ಕೆ ಬಳಲುವ ರೌಟರ್

ನಮ್ಮ ಸಂಘಗಳ ತಾಂತ್ರಿಕ ಸ್ವಯಂಸೇವಕರಲ್ಲಿ ಈಚೆಗೆ ಒಂದು ಉತ್ಸಾಹ ಬೆಳೆದಿದೆ. ಸಭಾಂಗಣದ ರೌಟರಿನ ಮೂಲಕ ಯಾವ ಫೋನು, ಯಾವ ಲ್ಯಾಪ್‌ಟಾಪ್ ಎಷ್ಟು ದತ್ತಾಂಶ ಸೆಳೆಯುತ್ತಿದೆ ಎಂಬುದನ್ನು ಕಾರ್ಯಕ್ರಮದ ಉದ್ದಕ್ಕೂ ಪರದೆಯ ಮೇಲೆ ನೋಡುತ್ತಿರಬೇಕು ಎಂಬುದೇ ಆ ಉತ್ಸಾಹ. ಉದ್ದೇಶ ಒಳ್ಳೆಯದೇ. ವೇದಿಕೆಯ ಮೇಲಿನ ಮಕ್ಕಳ ನಾಟಕವನ್ನು ಊರಿನಲ್ಲಿರುವ ಅಜ್ಜ ಅಜ್ಜಿಯರು ನೇರಪ್ರಸಾರದಲ್ಲಿ ನೋಡುತ್ತಿರುವಾಗ ಚಿತ್ರ ತಡವರಿಸಬಾರದಲ್ಲವೇ? ಆದರೆ ಚಿತ್ರ ತಡವರಿಸುವುದಕ್ಕೆ ಈ ಕಾವಲೇ ಕಾರಣವಾಗುವ ಸಂಭವವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಇಲ್ಲಿ ಅಕ್ಷರಶಃ ಒಪ್ಪುತ್ತದೆ.

ಸಣ್ಣ ರೌಟರಿನ ಒಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ನೋಡೋಣ. ಪೂರ್ಣ ಗಾತ್ರದ ಪ್ಯಾಕೆಟ್ ಎಂದರೆ ಸುಮಾರು 1500 ಬೈಟ್. 100 ಮೆಗಾಬಿಟ್ ವೇಗದ ಸಂಪರ್ಕ ತುಂಬಿ ಹರಿದರೆ ಸೆಕೆಂಡಿಗೆ ಎಂಟು ಸಾವಿರಕ್ಕೂ ಹೆಚ್ಚು ಇಂಥ ಪ್ಯಾಕೆಟ್‌ಗಳು ಹಾಯುತ್ತವೆ. ಒಂದು ಗಿಗಾಬಿಟ್ ಆದರೆ ಎಂಬತ್ತು ಸಾವಿರ ದಾಟುತ್ತದೆ. ಕರೆಗಳ ಧ್ವನಿಯನ್ನು ಹೊರುವ ಪ್ಯಾಕೆಟ್‌ಗಳು ಇನ್ನೂ ಚಿಕ್ಕವು, ಆದ್ದರಿಂದ ಅಷ್ಟೇ ದತ್ತಾಂಶಕ್ಕೆ ಅವುಗಳ ಸಂಖ್ಯೆ ಇನ್ನೂ ಹೆಚ್ಚು. ಪ್ರತಿಯೊಂದನ್ನೂ ಬಿಚ್ಚಿ ನೋಡುವ ಶಕ್ತಿ ಅಗ್ಗದ ಪ್ರೊಸೆಸರಿಗಿಲ್ಲ. ಹೀಗಾಗಿ ತಯಾರಕರು ಒಂದು ಅಡ್ಡದಾರಿ ಮಾಡಿರುತ್ತಾರೆ: ಸಂಪರ್ಕವೊಂದರ ಮೊದಲ ಕೆಲವು ಪ್ಯಾಕೆಟ್‌ಗಳನ್ನು ಫೈರ್‌ವಾಲ್ ಪರಿಶೀಲಿಸುತ್ತದೆ, ಉಳಿದವು ಪರಿಶೀಲನೆಯಿಲ್ಲದೆ ಶೀಘ್ರಮಾರ್ಗದಲ್ಲಿ ಸಾಗುತ್ತವೆ. ಬೆಂಗಳೂರು–ಮೈಸೂರು ಹೆದ್ದಾರಿಯ ಫಾಸ್ಟ್ಯಾಗ್ ಸಾಲನ್ನು ನೆನೆಯಿರಿ. ಅಲ್ಲಿ ಒಬ್ಬರು ನಿಂತು ಪ್ರತಿ ವಾಹನದ ಸಂಖ್ಯೆ, ಹೊರಟ ಊರು, ತಲುಪುವ ಊರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರೆ ಏನಾದೀತು? ನೈಜಸಮಯದ ವೀಕ್ಷಣೆ ಮಾಡುವುದು ಬಹುಮಟ್ಟಿಗೆ ಅದನ್ನೇ.

ಇದು ಊಹೆಯ ಮಾತಲ್ಲ. ಯುರೋಪಿನಲ್ಲಿ ಬಹಳ ಬಳಕೆಯಲ್ಲಿರುವ ಮೈಕ್ರೊಟಿಕ್ ರೌಟರುಗಳಲ್ಲಿ ‘ಟಾರ್ಚ್’ ಎಂಬ ಉಪಕರಣವಿದೆ. ಫಾಸ್ಟ್ ಪಾತ್ ಎಂಬ ಶೀಘ್ರಮಾರ್ಗ ಕೆಲಸ ಮಾಡಬೇಕಾದರೆ ಟಾರ್ಚ್ ಆಗಲಿ ಸ್ನಿಫರ್ ಆಗಲಿ ಚಾಲನೆಯಲ್ಲಿರಬಾರದು ಎಂದು ತಯಾರಕರ ಕೈಪಿಡಿಯೇ ಹೇಳುತ್ತದೆ. ಸಿಸ್ಕೊ ಸಾಧನಗಳ ಮೇಲೆ ದುಡಿದ ನಮ್ಮ ಹಿರಿಯ ಮಿತ್ರರಿಗೂ ಇದು ಗೊತ್ತು. ತುಂಬಿ ಹರಿಯುವ ರೌಟರಿನಲ್ಲಿ ಡೀಬಗ್ ಆದೇಶ ಕೊಡಲು ಅವರ ಕೈ ಹಿಂಜರಿಯುತ್ತದೆ. ಇದರ ಮೇಲೆ ಹತ್ತಾರು ಕಿಟಕಿಗಳನ್ನು ತೆರೆದಿಟ್ಟರೆ, ಬದಲಾಗುತ್ತಲೇ ಇರುವ ಪಟ್ಟಿಗಳನ್ನು ನಮ್ಮ ಪರದೆಗೆ ಕಳುಹಿಸುವ ಕೆಲಸವೂ ಅದೇ ಬಡ ಪ್ರೊಸೆಸರಿನ ಪಾಲಿಗೆ ಬರುತ್ತದೆ.

ಹಾಗಾದರೆ ನೋಡುವುದೇ ಬೇಡವೇ ಎಂದು ಕೇಳುವವರಿದ್ದಾರೆ. ನೋಡಬೇಕು, ಎರಡು ನಿಮಿಷ ನೋಡಿ, ಬೇಕಾದುದನ್ನು ತಿಳಿದುಕೊಂಡು ಮುಚ್ಚಬೇಕು. ದಿನವಿಡೀ ಲೆಕ್ಕ ಬೇಕೆನ್ನುವವರಿಗೆ ಹಳೆಯ, ಹಗುರವಾದ ದಾರಿಗಳಿವೆ. ಪ್ರತಿ ಕೇಬಲ್ ಕಿಂಡಿಯಲ್ಲೂ ಎಷ್ಟು ಬೈಟ್ ಹಾದುಹೋಯಿತೆಂಬುದನ್ನು ರೌಟರ್ ಹೇಗೂ ಎಣಿಸಿಟ್ಟಿರುತ್ತದೆ. ಆ ಎಣಿಕೆಯನ್ನು ಐದು ನಿಮಿಷಕ್ಕೊಮ್ಮೆ ಎಸ್‌ಎನ್‌ಎಂಪಿ ಮೂಲಕ ಕೇಳಿ ನಕ್ಷೆ ಬರೆಯುವ ಎಂಆರ್‌ಟಿಜಿ 1990ರ ದಶಕದಿಂದಲೂ ಇದೆ. ಸಾವಿರಕ್ಕೆ ಒಂದರಂತೆ ಮಾತ್ರ ಪ್ಯಾಕೆಟ್‌ಗಳನ್ನು ಆಯ್ದು ನೋಡುವ ಎಸ್‌ಫ್ಲೋ ಇದೆ. ಎಲ್ಲವನ್ನೂ ನೋಡಲೇಬೇಕೆಂದರೆ, ಸ್ವಿಚ್ಚಿನಿಂದ ದಟ್ಟಣೆಯ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ಕಳುಹಿಸಿ, ದುಡಿಮೆಯನ್ನು ಅದಕ್ಕೆ ವಹಿಸಬಹುದು. ಬ್ಯಾಂಡ್‌ವಿಡ್ತ್ ಹಂಚಿಕೆಯ ಮಿತಿಗಳೂ ರೌಟರಿಗೆ ಭಾರವೇ, ಒಪ್ಪುತ್ತೇನೆ. ಆದರೆ ಆ ಭಾರದಿಂದ ನೇರಪ್ರಸಾರಕ್ಕೆ ಪ್ರಯೋಜನವಿದೆ. ಪ್ರಸಾರದ ಲ್ಯಾಪ್‌ಟಾಪಿಗೆ ವೈಫೈ ಬಿಟ್ಟು ಪ್ರತ್ಯೇಕ ಕೇಬಲ್ ಕೊಟ್ಟರೆ ಅರ್ಧ ಚಿಂತೆ ಕಳೆಯುತ್ತದೆ.

ಇನ್ನೊಂದು ಮಾತು. ಟಾರ್ಚ್‌ನಂಥ ಉಪಕರಣದ ಪರದೆಯಲ್ಲಿ ಸಭಿಕರ ಫೋನುಗಳು ಎಲ್ಲೆಲ್ಲಿಗೆ ಸಂಪರ್ಕಿಸುತ್ತಿವೆ ಎಂಬುದರ ಸುಳಿವು ಇರುತ್ತದೆ. ಹೋಳಿಗೆ ಊಟಕ್ಕೆಂದು ಬಂದ ಅತಿಥಿಗಳು ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ರಾಜ್ಯೋತ್ಸವದ ಸಿದ್ಧತೆಯ ಜೊತೆಗೆ ಹೊಸ, ದುಬಾರಿ ರೌಟರಿನ ಪ್ರಸ್ತಾವವೂ ಸಮಿತಿಗಳ ಮುಂದೆ ಬರುವ ಕಾಲವಿದು. ದಾನಿಗಳ ಹಣಕ್ಕೆ ಕೈಹಾಕುವ ಮುನ್ನ ತಾಂತ್ರಿಕ ತಂಡದವರು ಒಂದು ಪರೀಕ್ಷೆ ಮಾಡಲಿ. ವೀಕ್ಷಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು ಹತ್ತು ನಿಮಿಷ ಪ್ರಸಾರ ನಡೆಸಿ ಸಿಪಿಯು ಎಷ್ಟು ಶೇಕಡಾ ದುಡಿಯಿತೆಂದು ಬರೆದುಕೊಳ್ಳಲಿ. ಅನಂತರ ಎಲ್ಲವನ್ನೂ ಮುಚ್ಚಿ, ಅದೇ ಪ್ರಸಾರವನ್ನು ಮತ್ತೆ ನಡೆಸಿ, ಸಿಪಿಯು ಅಂಕಿಯನ್ನಷ್ಟೇ ಕೊನೆಗೊಮ್ಮೆ ನೋಡಲಿ. ಆ ಎರಡು ಸಂಖ್ಯೆಗಳನ್ನು ಪ್ರಸ್ತಾವದ ಜೊತೆಗೇ ಸಮಿತಿಗೆ ಸಲ್ಲಿಸಲಿ.