‘ಶುಡ್’ ಅಂದ್ರೆ ಬರೀ ‘ಬೇಕು’ ಅಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ಗೆಳೆಯನೊಬ್ಬನಿಗೆ ಜ್ವರ ಬಂದು ಲ್ಯಾಬ್ ಇಂಟರ್ನಲ್ಸ್ ತಪ್ಪಿಹೋಯ್ತು. ಮೇಷ್ಟ್ರಿಗೆ ಮೇಲ್ ಹಾಕಿದ: ‘ಸರ್, ಯೂ ಶುಡ್ ಗಿವ್ ಮೀ ಒನ್ ಮೋರ್ ಚಾನ್ಸ್.’ ಮರುದಿನ ಅವರು ಕರೆಸಿ ಕೇಳಿದರು, ‘ಏನಪ್ಪಾ, ನನಗೇ ಆರ್ಡರ್ ಮಾಡ್ತೀಯಾ?’ ಹಾಸ್ಟೆಲ್‌ನಲ್ಲಿ ವಾರಗಟ್ಟಲೆ ಅದನ್ನೇ ಹೇಳಿ ನಕ್ಕೆವು. ಅವನು ಇಂಗ್ಲಿಷಲ್ಲಿ ಮೇಲ್ ಬರೆಯೋದನ್ನೇ ಬಿಟ್ಟ. ಬರೆಯಲೇಬೇಕಾಗಿ ಬಂದ್ರೆ ಈಗ ಪಕ್ಕದವನ ಕೈಗೆ ಲ್ಯಾಪ್‌ಟಾಪ್ ಕೊಡ್ತಾನೆ.

ನಕ್ಕಿದ್ದು ತಪ್ಪು ಅಂತ ಈಗ ಅನ್ನಿಸ್ತಿದೆ. ಅವನ ತಲೆಯಲ್ಲಿದ್ದ ವಾಕ್ಯ ‘ಸರ್, ಇನ್ನೊಂದು ಅವಕಾಶ ಕೊಡಬೇಕು’ ಅಂತ. ಕನ್ನಡದಲ್ಲಿ ಅದು ಕೈಮುಗಿದು ಕೇಳೋ ಮಾತು. ಮದುವೆಗೆ ಕರೆಯುವಾಗಲೂ ‘ತಾವು ಬಂದು ಆಶೀರ್ವದಿಸಬೇಕು’ ಅಂತೀವಿ. ಯಾರೂ ಅದನ್ನು ಅಪ್ಪಣೆ ಅಂದ್ಕೊಳ್ಳಲ್ಲ. ಆದರೆ ಇಂಗ್ಲಿಷಿನಲ್ಲಿ ‘ಯೂ ಶುಡ್’ ಅಂದ್ರೆ ಬುದ್ಧಿ ಹೇಳಿದ ಹಾಗೆ, ಇಲ್ಲವೇ ಕರ್ತವ್ಯ ನೆನಪಿಸಿದ ಹಾಗೆ. ಕೇಳಿಕೊಳ್ಳೋದಕ್ಕೆ ಅಲ್ಲಿ ‘ಕುಡ್ ಯೂ’, ‘ವುಡ್ ಯೂ’ ಇವೆ. ಅವನ ವಿನಯದಲ್ಲಿ ಕೊರತೆ ಇರಲಿಲ್ಲ. ಕೈಕೊಟ್ಟಿದ್ದು ಶಾಲೆಯಲ್ಲಿ ಉರುಹೊಡೆದ ‘ಶುಡ್ = ಬೇಕು’ ಅನ್ನೋ ಸಮೀಕರಣ.

ಈ ಸಮೀಕರಣ ನಮ್ಮ ಸಬ್ಜೆಕ್ಟ್‌ಗಳಲ್ಲೂ ಕೈಕೊಡುತ್ತೆ. ನೆಟ್‌ವರ್ಕ್ಸ್ ಓದೋರು 1997ರ ಆರ್‌ಎಫ್‌ಸಿ 2119 ತೆಗೆದು ನೋಡಿ. ಇಂಟರ್ನೆಟ್ ಪ್ರೋಟೊಕಾಲ್ ದಾಖಲೆಗಳಲ್ಲಿ ‘ಮಸ್ಟ್’, ‘ಶುಡ್’, ‘ಮೇ’ ಥರದ ಪದಗಳನ್ನು ಹೇಗೆ ಓದಬೇಕು ಅಂತ ಹೇಳೋಕೆಂದೇ ಅದನ್ನು ಬರೆದಿದ್ದಾರೆ. ‘ಮಸ್ಟ್’ ಅಂದ್ರೆ ಮಾಡಲೇಬೇಕು. ‘ಮೇ’ ಅಂದ್ರೆ ಮಾಡಬಹುದು, ಬಿಟ್ಟರೂ ಸರಿ. ‘ಶುಡ್’ ಇವೆರಡರ ನಡುವೆ: ಮಾಡೋದೇ ಒಳ್ಳೆಯದು, ಬಿಡೋದಾದ್ರೆ ಗಟ್ಟಿ ಕಾರಣ ಇರಬೇಕು, ಪರಿಣಾಮ ಪೂರ್ತಿ ಗೊತ್ತಿರಬೇಕು. ‘ಮಸ್ಟ್’, ‘ಶುಡ್’ ಎರಡನ್ನೂ ‘ಬೇಕು’ ಅಂತಲೇ ಓದಿದ್ರೆ ಎಲ್ಲಿ ಸಡಿಲ, ಎಲ್ಲಿ ಬಿಗಿ ಅನ್ನೋದೇ ತಿಳಿಯಲ್ಲ.

ಇನ್ನೂ ಎರಡು ಛಾಯೆಗಳಿವೆ. ‘ನೌ ಇಟ್ ಶುಡ್ ವರ್ಕ್’ ಅಂದಾಗ ಅದು ಕೋಡ್‌ಗೆ ಕೊಟ್ಟ ಆಜ್ಞೆ ಅಲ್ಲ, ಬರೀ ನಿರೀಕ್ಷೆ. ‘ಇಷ್ಟೊತ್ತಿಗೆ ಬಸ್ ಬರಬೇಕು’ ಅಂತೀವಲ್ಲ, ಹಾಗೆ. ‘ವೀ ಶುಡ್ ಹ್ಯಾವ್ ಟೆಸ್ಟೆಡ್ ಇಟ್’ ಅಂದ್ರೆ ‘ಟೆಸ್ಟ್ ಮಾಡಬೇಕಿತ್ತು’, ಅಂದ್ರೆ ಮಾಡಿಲ್ಲ.

ನೋಡಿ, ಈ ಛಾಯೆಗಳೆಲ್ಲ ನಮ್ಮ ಮಾತಿನಲ್ಲೂ ಇವೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಫಸ್ಟ್ ಇಯರ್ ಇಂಗ್ಲಿಷ್ ಕ್ಲಾಸಿನಲ್ಲಿ ಒಂದು ಕ್ರಿಯಾಪದಕ್ಕೆ ಒಂದು ಅರ್ಥ ಬರೆಸೋದು ಬಿಟ್ಟು, ನಾಲ್ಕು ಸಂದರ್ಭ ಕೊಟ್ಟು ‘ಇಲ್ಲಿ ಕನ್ನಡದಲ್ಲಿ ಏನಂತೀಯಾ?’ ಅಂತ ಕೇಳಲಿ. ಕನ್ನಡ ಮೀಡಿಯಂನಿಂದ ಬಂದವರಿಗೆ ಅದು ಆಸರೆಯಾಗುತ್ತೆ.

ಅಲ್ಲಿವರೆಗೆ ನಾವು ಮಾಡಬಹುದಾದ ಕೆಲಸ ಒಂದಿದೆ. ಪಕ್ಕದವನು ‘ಯೂ ಶುಡ್’ ಅಂತ ಬರೆದ್ರೆ ನಗದೆ, ‘ಕುಡ್ ಯೂ ಅಂತ ಹಾಕೋ’ ಅಂತ ಹೇಳೋದು. ನಾವು ಅವತ್ತು ಅವನಿಗೆ ಅಷ್ಟು ಹೇಳಬೇಕಿತ್ತು.