ಪಂಪುಸೆಟ್ಟಿಗೆ ಸ್ವಯಂಚಾಲಿತ ಸಾಧನ: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಪಂಪುಸೆಟ್ಟು ಇರುವ ಊರುಗಳಲ್ಲಿ ಇಂದು ಸ್ವಯಂಚಾಲಿತ ಸ್ಟಾರ್ಟರು ಹೊಸ ವಸ್ತುವೇನಲ್ಲ. ಕರೆಂಟು ಬಂದೊಡನೆ ತಾನಾಗಿಯೇ ಮೋಟಾರು ಚಾಲೂ ಮಾಡುವ ಪೆಟ್ಟಿಗೆ, ಮೊಬೈಲಿನಿಂದ ಕರೆ ಮಾಡಿದರೆ ಪಂಪು ಓಡಿಸುವ ಸಾಧನ, ಮಣ್ಣಿನ ತೇವ ನೋಡಿ ಹನಿ ನೀರಾವರಿಯ ವಾಲ್ವು ತೆರೆಯುವ ಯಂತ್ರ, ಇವೆಲ್ಲ ಪೇಟೆಯ ಅಂಗಡಿಗಳಲ್ಲಿ ದೊರೆಯುತ್ತಿವೆ. ಮೂರು ಫೇಸಿನ ವಿದ್ಯುತ್ತು ದಿನವಿಡೀ ಇರುವುದಿಲ್ಲ. ಸರದಿಯ ಮೇಲೆ ನಡುರಾತ್ರಿ ಬರುವುದೂ ಉಂಟು. ಹಾವು ಚೇಳಿನ ಭಯದಲ್ಲಿ ಬದುವಿನ ಮೇಲೆ ಕತ್ತಲಲ್ಲಿ ನಡೆದು ಹೋಗಿ ಗುಂಡಿ ಒತ್ತಿದವರು ಇಂಥ ಸಾಧನ ಬೇಡವೆನ್ನಲಾರರು. ನಾನೂ ಬೇಡವೆನ್ನುವುದಿಲ್ಲ. ಯಂತ್ರಗಳು ತಾವಾಗಿಯೇ ನಡೆಯುವಂತೆ ಮಾಡುವ ಎಲೆಕ್ಟ್ರಾನಿಕ್ ನಿಯಂತ್ರಕಗಳ ಕೆಲಸದಲ್ಲಿಯೇ ನಾನು ಕಾರ್ಖಾನೆಗಳಲ್ಲಿ ಹಲವು ವರ್ಷ ಕಳೆದಿದ್ದೇನೆ.

ಆದರೆ ಕಾರ್ಖಾನೆಯವರು ಪೆಟ್ಟು ತಿಂದು ಕಲಿತ ಕೆಲವು ಪಾಠಗಳಿವೆ. ಹೊಲಕ್ಕೆ ಬರುತ್ತಿರುವ ಅನೇಕ ಪೆಟ್ಟಿಗೆಗಳು ಆ ಪಾಠಗಳನ್ನು ಅಲ್ಲಿಯೇ ಬಿಟ್ಟು ಬಂದಿವೆ. ರೈತರು ಅವನ್ನು ತಿಳಿದುಕೊಂಡು ಮಾರುವವರನ್ನು ಪ್ರಶ್ನಿಸಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನದೇ ತಪ್ಪು

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ತುಮಕೂರು ಜಿಲ್ಲೆಯ ನಮ್ಮ ಊರಿನಲ್ಲಿ ಅಣ್ಣ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಕೊಳವೆ ಬಾವಿಯ ನೀರು ದಿಬ್ಬದ ಮೇಲಿನ ತೊಟ್ಟಿಗೆ ಏರಿ, ಅಲ್ಲಿಂದ ಸಸಿಗಳಿಗೆ ಇಳಿಯುತ್ತದೆ. ತೊಟ್ಟಿಯಲ್ಲಿ ತೇಲುವ ಸ್ವಿಚ್ಚು ಇಟ್ಟು, ತಂತಿಯನ್ನು ಮಣ್ಣಿನಡಿ ಎಳೆದು, ಸ್ಟಾರ್ಟರಿಗೆ ನಾನೇ ಒಂದು ಪೆಟ್ಟಿಗೆ ಜೋಡಿಸಿಕೊಟ್ಟೆ. ತೊಟ್ಟಿ ತುಂಬಿದಾಗ ಸ್ವಿಚ್ಚು ಮುಚ್ಚಿಕೊಂಡು, ಆ ಸಂಕೇತ ಬಂದೊಡನೆ ಮೋಟಾರು ನಿಲ್ಲಬೇಕು. ಸಂಕೇತ ಬಾರದಿದ್ದರೆ ತೊಟ್ಟಿ ಖಾಲಿ ಎಂದರ್ಥ. ಒಂದು ವರ್ಷ ಚೆನ್ನಾಗಿಯೇ ನಡೆಯಿತು.

ಒಂದು ಬೇಸಿಗೆಯಲ್ಲಿ ಹೆಗ್ಗಣ ಆ ತಂತಿಯನ್ನು ಕಡಿಯಿತು. ರಾತ್ರಿ ಕರೆಂಟು ಬಂತು, ಮೋಟಾರು ಓಡಿತು, ತೊಟ್ಟಿ ತುಂಬಿ ಹರಿಯಿತು. ತುಂಡಾದ ತಂತಿಯಲ್ಲಿ ಸಂಕೇತವೆಲ್ಲಿ ಬಂದೀತು? ಪೆಟ್ಟಿಗೆಯ ಪಾಲಿಗೆ ತೊಟ್ಟಿ ಇನ್ನೂ ಖಾಲಿ. ಬೆಳಗಿನ ಜಾವದ ಹೊತ್ತಿಗೆ ಬಾವಿಯ ನೀರು ಪಂಪಿಗಿಂತ ಕೆಳಗಿಳಿದು ಮೋಟಾರು ಬರಿದೇ ತಿರುಗಿ ಸುಟ್ಟಿತು. ಪೈಪು ಎತ್ತಿಸಿ, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ 12 ದಿನ. ಏಪ್ರಿಲ್ ಬಿಸಿಲಿಗೆ 300 ಸಸಿಗಳಲ್ಲಿ 80 ಒಣಗಿದವು.

ಅಣ್ಣ ಬೈಯಲಿಲ್ಲ. "ಮೊದಲಾಗಿದ್ದರೆ ರಾತ್ರಿ ಎರಡು ಸಲ ಎದ್ದು ನೋಡ್ತಿದ್ದೆ ಕಣೋ. ನಿನ್ನ ಪೆಟ್ಟಿಗೆ ಇದೆಯಲ್ಲ ಅಂತ ಮಲಗಿಬಿಟ್ಟೆ" ಎಂದ. ಸ್ವಯಂಚಾಲನೆಯ ನಿಜವಾದ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರೂ ನನಗೆ ಹೇಳಿರಲಿಲ್ಲ. ಯಂತ್ರ ಬಂದೊಡನೆ ಮನುಷ್ಯನ ಕಾವಲು ಹೋಗುತ್ತದೆ. ಆದ್ದರಿಂದ ಯಂತ್ರ ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಮೊದಲೇ ಯೋಚಿಸಿರಬೇಕು.

ತಂತಿ ತುಂಡಾದರೆ ಯಂತ್ರ ನಿಲ್ಲಬೇಕು

ರೈಲಿನ ಬ್ರೇಕನ್ನು ನೋಡಿ. ಗಾಡಿಯ ಉದ್ದಕ್ಕೂ ಒಂದು ಕೊಳವೆಯಲ್ಲಿ ಗಾಳಿಯ ಒತ್ತಡವಿರುತ್ತದೆ. ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಕೊಳವೆ ಒಡೆದರೆ, ಡಬ್ಬಿ ಕಳಚಿದರೆ, ಬ್ರೇಕು ತಾನಾಗಿಯೇ ಹಿಡಿಯುತ್ತದೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ ಉಪಾಯವಿದು. ಕಾರ್ಖಾನೆಯ ತುರ್ತು ನಿಲುಗಡೆಯ ಗುಂಡಿಯೂ ಹೀಗೆಯೇ. ಅದರ ತಂತಿಯಲ್ಲಿ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ; ಗುಂಡಿ ಒತ್ತಿದರೂ ಯಂತ್ರ ನಿಲ್ಲುತ್ತದೆ, ತಂತಿ ತುಂಡಾದರೂ ನಿಲ್ಲುತ್ತದೆ.

ಅಳತೆಯ ಉಪಕರಣಗಳಲ್ಲಿ ಇನ್ನೊಂದು ಜಾಣತನವಿದೆ. ತೊಟ್ಟಿ ಖಾಲಿ ಇದ್ದಾಗ 4 ಮಿಲಿಆಂಪಿಯರ್, ತುಂಬಿದಾಗ 20 ಮಿಲಿಆಂಪಿಯರ್ ಪ್ರವಾಹ ಕಳುಹಿಸುತ್ತಾರೆ. ಖಾಲಿಗೆ ಸೊನ್ನೆಯನ್ನೇಕೆ ಇಡಲಿಲ್ಲ? ಸೊನ್ನೆ ಬಂದರೆ ತಂತಿಯೇ ಹೋಗಿದೆ ಎಂದು ಗೊತ್ತಾಗಲಿ ಎಂದು. 'ನೀರಿಲ್ಲ' ಎಂಬುದೂ 'ನನಗೆ ಕಾಣುತ್ತಿಲ್ಲ' ಎಂಬುದೂ ಬೇರೆ ಬೇರೆ ಸುದ್ದಿಗಳು.

ನಮ್ಮ ತೋಟದಲ್ಲಿ ನಾನು ಮಾಡಿದ ತಿದ್ದುಪಡಿಗೆ ಖರ್ಚೇ ಇರಲಿಲ್ಲ. ಸ್ವಿಚ್ಚನ್ನು ತಿರುವಿ ಜೋಡಿಸಿದೆ. ಈಗ ನೀರು ಬೇಕಾದಾಗ ಮಾತ್ರ ಸಂಕೇತ ಬರುತ್ತದೆ. ತಂತಿ ತುಂಡಾದರೆ ಮೋಟಾರು ನಿಲ್ಲುತ್ತದೆ. ಒಂದು ದಿನ ನೀರು ತಪ್ಪೀತು; ಮೋಟಾರು ಉಳಿಯುತ್ತದೆ.

ಕಣ್ಣಿಲ್ಲದ ಸ್ಟಾರ್ಟರು

ಕರೆಂಟು ಬಂದಿದೆಯೇ ಎಂಬ ಒಂದನ್ನೇ ನೋಡುವ ಸ್ಟಾರ್ಟರಿಗೆ ಬೆಳೆಯೂ ಕಾಣದು, ಬಾವಿಯೂ ಕಾಣದು. ನಿನ್ನೆ ಹದವಾದ ಮಳೆ ಬಿದ್ದಿದ್ದರೂ ಅದು ನೀರೆತ್ತುತ್ತದೆ. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿ ಪಂಪುಗಳಿಗೆ 24 ಗಂಟೆಯೂ ವಿದ್ಯುತ್ತು ಕೊಡತೊಡಗಿದಾಗ, ಇಂಥ ಸ್ಟಾರ್ಟರುಗಳನ್ನು ತೆಗೆದುಬಿಡುವಂತೆ ಅಲ್ಲಿಯ ಸರ್ಕಾರ ರೈತರನ್ನು ಕೇಳಿಕೊಂಡಿತು. ಅಂತರ್ಜಲ ಬರಿದಾದೀತೆಂಬ ಆತಂಕವೇ ಅದಕ್ಕೆ ಕಾರಣ.

ಇನ್ನೊಂದು ತೊಂದರೆಯಿದೆ. ನೇರವಾಗಿ ಚಾಲೂ ಆಗುವ ಮೋಟಾರು ಮೊದಲ ಕ್ಷಣಗಳಲ್ಲಿ ವಾಡಿಕೆಯ ಸುಮಾರು ಆರು ಪಟ್ಟು ಪ್ರವಾಹ ಎಳೆಯುತ್ತದೆ. ಒಂದೇ ಟಿ.ಸಿ.ಯ ಎಲ್ಲ ಪಂಪುಗಳೂ ಕರೆಂಟು ಬಂದ ಕ್ಷಣದಲ್ಲಿಯೇ ಎದ್ದರೆ ವೋಲ್ಟೇಜು ಕುಸಿದು ಯಾವ ಮೋಟಾರೂ ವೇಗ ಹಿಡಿಯಲಾರದು. ಫ್ಯೂಸು ಹೋಗುತ್ತದೆ, ಟಿ.ಸಿ.ಯೂ ಸುಡಬಹುದು. ಕಾರ್ಖಾನೆಯಲ್ಲಿ ಯಂತ್ರಗಳನ್ನು ಒಂದಾದ ಮೇಲೊಂದರಂತೆ ಎಬ್ಬಿಸುತ್ತಾರೆ. ನೆರೆಹೊರೆಯ ರೈತರು ಮಾತಾಡಿಕೊಂಡು, ಒಬ್ಬರು 1 ನಿಮಿಷ, ಇನ್ನೊಬ್ಬರು 3 ನಿಮಿಷ, ಮತ್ತೊಬ್ಬರು 5 ನಿಮಿಷ ತಡವಾಗಿ ಚಾಲೂ ಆಗುವಂತೆ ಹೊಂದಿಸಿಕೊಳ್ಳುವುದು ಲೇಸು. ಇದಕ್ಕೆ ಯಾವ ಹೊಸ ಯಂತ್ರವೂ ಬೇಡ; ಒಗ್ಗಟ್ಟು ಸಾಕು.

ಕಾಪಾಡುವ ಭಾಗವನ್ನು ಕಟ್ಟಿಹಾಕಬೇಡಿ

ಸ್ಟಾರ್ಟರು ಪದೇ ಪದೇ ಬೀಳುತ್ತದೆಂದು ಓವರ್‌ಲೋಡ್ ರಿಲೇಯ ಮುಳ್ಳನ್ನು ಮೇಲೇರಿಸುವುದು, ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುವುದು ನಮ್ಮಲ್ಲಿ ಸಾಮಾನ್ಯ. ಇದು ಮೊಳಗುವ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದಂತೆ. ಮೋಟಾರಿನ ಮೇಲಿನ ಫಲಕದಲ್ಲಿ ಬರೆದ ಆಂಪಿಯರಿಗೇ ರಿಲೇಯನ್ನು ಹೊಂದಿಸಬೇಕು. ಒಂದು ಫೇಸು ಹೋದರೆ ಓಡುತ್ತಿರುವ ಮೋಟಾರು ಒಡನೆ ನಿಲ್ಲುವುದಿಲ್ಲ. ಉಳಿದೆರಡು ತಂತಿಗಳಲ್ಲಿ ಪ್ರವಾಹ ಸುಮಾರು 1.7 ಪಟ್ಟಾಗಿ ಸುರುಳಿ ಸುಡುತ್ತದೆ. ಬರಿದೇ ತಿರುಗುವ ಪಂಪಿನದು ಇದಕ್ಕೆ ವಿರುದ್ಧ. ಅದು ಕಡಿಮೆ ಪ್ರವಾಹ ಎಳೆಯುತ್ತದೆ. ಆದುದರಿಂದ ಓವರ್‌ಲೋಡ್ ರಿಲೇ ಅದನ್ನು ಹಿಡಿಯಲಾರದು. ನಮ್ಮ ಮೋಟಾರು ಸುಟ್ಟ ರಾತ್ರಿ ರಿಲೇ ಸುಮ್ಮನಿದ್ದುದು ಇದಕ್ಕೇ. ಪ್ರವಾಹ ಇಳಿದಾಗಲೂ ನಿಲ್ಲಿಸುವ ಸಾಧನ ಬೇಕು.

ಮುಖ್ಯವಾದ ಮಾತು ಇನ್ನೊಂದು. ತಾನಾಗಿಯೇ ಎದ್ದೇಳುವ ಯಂತ್ರದ ಹತ್ತಿರ 'ಕರೆಂಟಿಲ್ಲ' ಎಂದು ನಂಬಿ ಕೈಹಾಕಬಾರದು. ಕಾರ್ಖಾನೆಯಲ್ಲಿ ರಿಪೇರಿಗೆ ಇಳಿಯುವವನು ಮುಖ್ಯ ಸ್ವಿಚ್ಚು ಇಳಿಸಿ, ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ. ಸ್ವಿಚ್ಚಿಗೆ ಬೀಗದ ಕಿವಿ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಕೆಲವು ರೂಪಾಯಿಯ ಬೀಗ ಒಂದು ಮನೆಯ ದೀಪ ಉಳಿಸಬಲ್ಲದು.

ಮಿದುಳು ಕೆಡುವುದು ಅಪರೂಪ

ಪೆಟ್ಟಿಗೆ ಕೆಟ್ಟಿತೆಂದು ನನ್ನನ್ನು ಕರೆದ ಕಡೆಗಳಲ್ಲಿ ಒಳಗಿನ ಚಿಪ್ಪು ಕೆಟ್ಟಿದ್ದು ಬಹಳ ಅಪರೂಪ. ಸಡಿಲವಾದ ತಿರುಪು, ಹಸಿರು ಹಿಡಿದ ತಂತಿಯ ತುದಿ, ರಿಲೇಯ ನಡುವೆ ಸಿಕ್ಕ ಇರುವೆ, ಕಾವಿಗೆ ಉಬ್ಬಿದ ಕೆಪಾಸಿಟರು, ಇವೇ ಹೆಚ್ಚು. ಕಾವು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಥ ಕೆಪಾಸಿಟರಿನ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ನಮ್ಮ ವೃತ್ತಿಯ ಲೆಕ್ಕ. ಹೀಗಾಗಿ ಪೆಟ್ಟಿಗೆಯನ್ನು ಬಿಸಿಲಿಗೆ ಮುಖ ಮಾಡಿ ನೇತುಹಾಕಬಾರದು. ಮೇಲೊಂದು ನೆರಳು ಇರಲಿ. ತಂತಿಗಳು ಪೆಟ್ಟಿಗೆಯ ಕೆಳಗಿನಿಂದಲೇ ಒಳಹೋಗಬೇಕು, ತೂತುಗಳನ್ನು ಮುಚ್ಚಿರಬೇಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ಆಮೇಲೆ ಒಮ್ಮೆ, ಮುಖ್ಯ ಸ್ವಿಚ್ಚು ಇಳಿಸಿ ತಿಳಿದವರಿಂದ ತಿರುಪುಗಳನ್ನು ಬಿಗಿ ಮಾಡಿಸಬೇಕು.

ಕೊಳ್ಳುವಾಗ ಕೇಳಿ

1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ, ರಿಲೇಗಳ ಕಾಡಿನಂತಿದ್ದ ಫಲಕಗಳ ಬದಲಿಗೆ ಹೊಸ ನಿಯಂತ್ರಕ ಬೇಕೆಂದು ಕೇಳಿತು. ಮರುವರ್ಷ 'ಮೋಡಿಕಾನ್ 084' ಬಂತು. ಇಂಥ ನಿಯಂತ್ರಕಗಳು ಜಗತ್ತಿನಾದ್ಯಂತ ಹರಡಲು ಒಂದು ಮುಖ್ಯ ಕಾರಣವೆಂದರೆ, ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮೊದಲಿನಿಂದ ಓದುತ್ತಿದ್ದ ಏಣಿಯಂಥ ನಕ್ಷೆಯಲ್ಲಿಯೇ ಅವುಗಳ ಕೆಲಸವನ್ನು ಬರೆಯಬಹುದಾಗಿತ್ತು. ನಡುರಾತ್ರಿ ರಿಪೇರಿ ಮಾಡುವವನಿಗೆ ಅರ್ಥವಾಗದ ಯಂತ್ರ ಎಷ್ಟು ಬುದ್ಧಿಯುಳ್ಳದ್ದಾದರೂ ಉಪಯೋಗವಿಲ್ಲ. ಹೋಬಳಿಯ ಮಿಸ್ತ್ರಿಗೆ ತಿಳಿಯದ ಪೆಟ್ಟಿಗೆಯೂ ಅಷ್ಟೇ. ಆದ್ದರಿಂದ ಹಣ ಕೊಡುವ ಮುನ್ನ ಈ ಪ್ರಶ್ನೆಗಳನ್ನು ಕೇಳಿ:

1. ತಂತಿ ತುಂಡಾದರೆ, ಮೊಬೈಲಿನ ಸಂಪರ್ಕ ಹೋದರೆ, ಮೋಟಾರು ಓಡುತ್ತದೋ ನಿಲ್ಲುತ್ತದೋ?
2. ಒಂದು ಫೇಸು ಹೋದಾಗ, ಬಾವಿ ಬತ್ತಿದಾಗ ನಿಲ್ಲುತ್ತದೆಯೇ? ನಮ್ಮೆದುರಿಗೆ ತೋರಿಸುವಿರಾ?
3. ಪೆಟ್ಟಿಗೆ ಕೆಟ್ಟ ದಿನ, ರಕ್ಷಣೆಯ ರಿಲೇಯನ್ನು ಬಿಡದೆ, ಕೈಯಿಂದ ಪಂಪು ನಡೆಸಲು ಬದಲಿ ಸ್ವಿಚ್ಚು ಇದೆಯೇ?
4. ಜೋಡಣೆಯ ನಕ್ಷೆ ಕನ್ನಡದಲ್ಲಿ ಕೊಡುವಿರಾ? ಅದನ್ನು ಮುಚ್ಚಳದ ಒಳಮೈಗೆ ಅಂಟಿಸುವಿರಾ?
5. ರಿಲೇ, ಫ್ಯೂಸು ಮುಂತಾದ ಬಿಡಿಭಾಗಗಳು ನಮ್ಮ ತಾಲ್ಲೂಕಿನಲ್ಲಿ ಸಿಗುತ್ತವೆಯೇ?
6. ಪೆಟ್ಟಿಗೆ ಐ.ಪಿ. 65 ದರ್ಜೆಯದೇ? ಆ ದರ್ಜೆಯದಕ್ಕೆ ದೂಳು ನುಗ್ಗದು, ನೀರು ಚಿಮ್ಮಿದರೂ ತೊಂದರೆಯಿಲ್ಲ.

ಮೊದಲ ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ ಆ ಅಂಗಡಿಯ ಮೆಟ್ಟಿಲಿಳಿದು ಬನ್ನಿ. ಕೊಂಡ ಮೇಲೂ ತಿಂಗಳಿಗೊಮ್ಮೆ, ಹಗಲು ಹೊತ್ತು, ಮುಖ್ಯ ಸ್ವಿಚ್ಚು ಇಳಿಸಿ ತೊಟ್ಟಿಯ ತಂತಿಯನ್ನು ಕಳಚಿ, ಮತ್ತೆ ಚಾಲೂ ಮಾಡಿ ನೋಡಿ, ಮೋಟಾರು ಏಳಬಾರದು. ಎದ್ದರೆ ಆ ರಾತ್ರಿ ನೀವು ಮಲಗಬೇಡಿ.

ಅಣ್ಣ ಈಗಲೂ ಪೆಟ್ಟಿಗೆಯನ್ನು ಬಳಸುತ್ತಾನೆ. ಆದರೆ ಮಲಗುವ ಮುನ್ನ ದಿಬ್ಬದ ಕಡೆಗೊಮ್ಮೆ ಕಿವಿಗೊಟ್ಟು ಕೇಳುತ್ತಾನೆ. ಯಂತ್ರ ನಮ್ಮ ಕಾಲಿನ ಓಡಾಟವನ್ನು ತಪ್ಪಿಸಲಿ. ಕಣ್ಣು ಕಿವಿಗಳ ಕೆಲಸವನ್ನು ಪೂರ್ತಿ ಅದರ ಕೈಗೆ ಒಪ್ಪಿಸುವುದು ಬೇಡ.